ಕಂಬದ ಹಿಂದಿನ ದುಬಾರಿ ಜಾಗ

"ಕುರ್ಚಿ ನಾವೇ ತಂದಿದೀವಲ್ಲಪ್ಪಾ, ಮತ್ತೆ ಎರಡು ಕುರ್ಚಿ ದುಡ್ಡು ಯಾತಕ್ಕೆ?"

ಸೂಜಿಯಕ್ಕ ಟಿಕೆಟ್ ಕಿಟಕಿಯ ಕೆಳಗಿನಿಂದ ಕೇಳಿದಳು. ಕಿಟಕಿ ಎಷ್ಟು ಎತ್ತರದಲ್ಲಿತ್ತೆಂದರೆ, ಗಾಲಿಕುರ್ಚಿಯಲ್ಲಿ ಕೂತವಳಿಗೆ ಒಳಗಿದ್ದ ಮ್ಯಾನೇಜರನ ಹಣೆ ಮಾತ್ರ ಕಾಣುತ್ತಿತ್ತು. ಹಣೆ ಆಗಲೇ ಬೆವರುತ್ತಿತ್ತು.

"ನಿಮ್ಮ ಗಾಡಿ ಎರಡು ಕುರ್ಚಿ ಜಾಗ ಹಿಡಿಯುತ್ತೆ ಮೇಡಂ," ಎಂದಿತು ಹಣೆ.

"ಹಾಗಾದ್ರೆ ಮಹಡಿ ಟಿಕೆಟ್ಟೇ ಕೊಡು. ಅದು ಅಗ್ಗ ಅಂತ ಬರ್ದಿದೀರಲ್ಲ."

"ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು ಮೇಡಂ. ಗಾಲಿಕುರ್ಚಿಯವರಿಗೆ ಕೆಳಗಡೇನೇ. ಕೆಳಗಡೆ ಅಂದ್ರೆ ಮೂರು ಪಟ್ಟು."

"ಅಂದ್ರೆ ಕಾಲು ನಡೀದೇ ಇರೋರೆಲ್ಲ ಸಾಹುಕಾರರು ಅಂತ ನಿನ್ನ ಲೆಕ್ಕ."

ಅವಳ ಗಂಡ ಕೆಮ್ಮಿದ. ಆತ ನಿವೃತ್ತ ಬಸ್ ಡ್ರೈವರ್. ಜಗಳ ಶುರುವಾದ ಕಡೆ ಗಾಡಿ ನಿಲ್ಲಿಸಬಾರದು ಎಂಬುದು ಸರ್ವಿಸ್ಸಿನಲ್ಲಿ ಕಲಿತ ಪಾಠ. ಜೇಬಿಗೆ ಕೈ ಹಾಕಿ ಕೇಳಿದಷ್ಟು ತೆತ್ತುಬಿಟ್ಟ.

ಬೇರೆ ದಿನವಾಗಿದ್ದರೆ ಸೂಜಿಯಕ್ಕ ಆ ಹಣೆಯನ್ನು ಇನ್ನೂ ಅರ್ಧ ಗಂಟೆ ಬೆವರಿಸುತ್ತಿದ್ದಳು. ಇವತ್ತು ಬಿಟ್ಟಳು, ಏಕೆಂದರೆ ಇವತ್ತು ಅವಳ ತಂಗಿಯ ಕೊನೆಯ ಆಟ. ಊಟ ಬಡಿಸಿ ಜಾದೂ ತೋರಿಸುವ ಈ ಹಾಲ್‌ನಲ್ಲಿ ತಂಗಿ ಮೂವತ್ತೊಂದು ವರ್ಷದಿಂದ ಜಾದೂಗಾರನ ಪೆಟ್ಟಿಗೆಯೊಳಗೆ ಹೋಗಿ ಮಾಯವಾಗುತ್ತಿದ್ದಳು. ಕೆಂಪು ಉಡುಪಿನಲ್ಲಿ ಪೆಟ್ಟಿಗೆ ಹೊಕ್ಕವಳು, ನಲವತ್ತು ಎಣಿಸುವಷ್ಟರಲ್ಲಿ ಬಿಳಿ ಉಡುಪಿನಲ್ಲಿ ಜನರ ನಡುವಿನಿಂದ ಎದ್ದು ಬರುತ್ತಿದ್ದಳು. ಕೆಂಪು ಉಡುಪನ್ನು ಒಂದೇ ಎಳೆ ದಾರದಲ್ಲಿ ಹೊಲಿದಿರಬೇಕು. ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಬೇಕು. ಸಂಜೆಗೆ ಎರಡು ಆಟ. ಮೊದಲ ಆಟದಲ್ಲಿ ಬಿಚ್ಚಿದ್ದನ್ನು ಎರಡನೆಯದಕ್ಕೆ ಮತ್ತೆ ಹೊಲಿಯಬೇಕು. ಅದನ್ನು ಹೊಲಿಯುತ್ತಿದ್ದವಳೇ ಸೂಜಿಯಕ್ಕ. ರಂಗದ ಎಡಗಡೆ ಪರದೆಯ ಮರೆಯಲ್ಲಿ ನಿಂತು, ಹೊರಗೆ ಚಪ್ಪಾಳೆ ಬೀಳುವಾಗ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುವುದೇ ಅವಳ ಪಾಲಿನ ಜಾದೂ. ತಂಗಿಯ ಆಟದಲ್ಲಿ ಅವಳು ಕಂಡಿದ್ದು ಬೆನ್ನು, ಹೆಚ್ಚೆಂದರೆ ಒಂದು ಕಿವಿ. ಎರಡು ವರ್ಷದ ಹಿಂದೆ ಕಾಲು ಕೈಕೊಟ್ಟ ಮೇಲೆ ಅದೂ ಇಲ್ಲ.

"ಪರದೆ ಪಕ್ಕ ನಿನ್ನ ಜಾಗ ಹಾಗೇ ಇದೆ ಅಕ್ಕಾ, ಹಿಂದಿನಿಂದ ಬಂದ್ಬಿಡು," ಎಂದಿದ್ದಳು ತಂಗಿ. "ಪೆಟ್ಟಿಗೆ ತಳ್ಳೋಕೆ ಇಳಿಜಾರು ಮಾಡಿದಾರಲ್ಲ, ಸಲೀಸಾಗಿ ಬರಬಹುದು."

"ಹಿಂದಿನಿಂದ ಸಾಕಾಗುವಷ್ಟು ನೋಡಿದೀನಿ ಕಣೇ. ಒಂದ್ಸಲ ದುಡ್ಡು ಕೊಟ್ಟು, ಎದುರಿಗೆ ಕೂತು, ನಿನ್ನ ಮುಖ ನೋಡ್ಬೇಕು."

ಆ ಒಂದು ಆಸೆಗೆ ಮೂರು ಪಟ್ಟು, ಅದೂ ಎರಡು ಕುರ್ಚಿಗೆ, ತೆತ್ತು ಒಳಗೆ ಬಂದರೆ, ಮ್ಯಾನೇಜರ್ ಅವಳನ್ನು ಒಂದು ದಪ್ಪ ಕಂಬದ ಹಿಂದೆ ಸೇರಿಸಿದ. ಎದುರಿಗೆ ಕಂಬ, ಬೆನ್ನಿಗೆ ಗೋಡೆಯ ಪರದೆ, ಪಕ್ಕದಲ್ಲಿ ಎಂಟು ಜನರ ಮೇಜು. ಕತ್ತು ಬಗ್ಗಿಸಿದರೆ ರಂಗದ ಮೇಲಿನ ಒಂದು ಹೂಕುಂಡ ಕಾಣುತ್ತಿತ್ತು.

"ಇದೇನಪ್ಪಾ, ಕಂಬ ನೋಡೋಕೆ ಇಷ್ಟು ದುಡ್ಡಾ?"

"ಇಡೀ ಹಾಲಲ್ಲಿ ಖಾಲಿ ಇರೋದು ಇದೊಂದೇ ಜಾಗ ಮೇಡಂ. ಹಿಂದಿನವರು ಇಲ್ಲಿ ಯಾಕೋ ಮೇಜೇ ಹಾಕಿರಲಿಲ್ಲ. ನಾನು ಬಂದು ಆರು ವಾರ ಆಯ್ತು, ಇವತ್ತು ನಾನೇ ಕಂಡುಹಿಡಿದೆ," ಎಂದ ಆತ, ಹೆಮ್ಮೆಯಿಂದ.

ಗಂಡ ಬ್ರೇಕ್ ಹಾಕಿದ. ಅಷ್ಟಕ್ಕೇ ಸಮಾಧಾನವಾಗದೆ, ಇಳಿಜಾರಿನಲ್ಲಿ ಬಸ್ಸಿಗೆ ಕಲ್ಲು ಕೊಡುವಂತೆ ತಿಂಡಿಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಗಾಲಿಯ ಕೆಳಗೆ ಒತ್ತಿದ. ಸೂಪು ಬಂತು. ತಣ್ಣಗಿತ್ತು. ಸೂಜಿಯಕ್ಕ ಅದನ್ನು ಕಂಬಕ್ಕೆ ಬೈಯುತ್ತಲೇ ಕುಡಿದಳು. ಅಳು ಬರುತ್ತಿತ್ತು. ಅತ್ತರೆ ಗಂಡ ಮನೆಗೆ ಹೋಗೋಣ ಎನ್ನುತ್ತಾನೆಂದು ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡಳು.

ದೀಪ ಆರಿತು. ತಂಗಿ ಪೆಟ್ಟಿಗೆ ಹೊಕ್ಕಳೆಂದು ಜನರ ಉಸಿರಿನಿಂದಲೇ ತಿಳಿಯಿತು. ಜಾದೂಗಾರ ಬಾಗಿಲು ಬಡಿದ. ಹಳೆಯ ಚಾಳಿ, ಸೂಜಿಯಕ್ಕ ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂದು, ಎರಡು... ಈಗ ದಾರ ಎಳೆದಿರುತ್ತಾಳೆ. ಒಂಬತ್ತು, ಹತ್ತು... ಈಗ ಪೆಟ್ಟಿಗೆಯ ತಳದಿಂದ ಜಾರಿರುತ್ತಾಳೆ. ಹದಿನಾರು... ಈಗ ಅಡುಗೆಮನೆ ಪಕ್ಕದ ಓಣಿ.

ಹದಿನೆಂಟಕ್ಕೆ ಅವಳ ಕತ್ತಿಗೆ ಹಿಂದಿನಿಂದ ತಣ್ಣನೆಯ ಗಾಳಿ ತಾಗಿತು. ನೆಲ ಒರೆಸುವ ಒದ್ದೆ ಬಟ್ಟೆಯ ವಾಸನೆ, ಹುರಿದ ಈರುಳ್ಳಿಯ ವಾಸನೆ. ಅದು ಆ ಓಣಿಯದೇ ವಾಸನೆ! ಬೆನ್ನಿಗಿದ್ದದ್ದು ಗೋಡೆಯಲ್ಲ, ಓಣಿಯ ಕೊನೆಯ ಕಿರುಬಾಗಿಲು. ಇಪ್ಪತ್ತೊಂಬತ್ತು ವರ್ಷ ಆ ಬಾಗಿಲನ್ನು ಒಳಗಿನಿಂದಲೇ ನೋಡಿದವಳಿಗೆ ಹೊರಗಿನಿಂದ ಅದರ ಗುರುತೇ ಹತ್ತಿರಲಿಲ್ಲ. ಇಲ್ಲಿ ಯಾಕೆ ಮೇಜು ಹಾಕಿರಲಿಲ್ಲ ಎಂಬುದೂ ಈಗ ತಿಳಿಯಿತು. ಜಾದೂಗಾರ ಗುಟ್ಟನ್ನು ಮ್ಯಾನೇಜರುಗಳಿಗೆ ಹೇಳುವ ಪೈಕಿಯವನಲ್ಲ.

"ರೀ, ಬ್ರೇಕ್ ತೆಗೀರಿ! ಬಾಗಿಲಿಗೆ ಅಡ್ಡ ಕೂತಿದೀವಿ!"

"ಯಾವ ಬಾಗಿಲೇ?"

"ತೆಗೀರಿ ಅಂದೆ!"

ಇಪ್ಪತ್ತೇಳು. ಗಂಡ ಕತ್ತಲಲ್ಲಿ ತಿಂಡಿಪಟ್ಟಿಗಾಗಿ ತಡಕಾಡಿದ. ಅಷ್ಟು ಚೆನ್ನಾಗಿ ಒತ್ತಿದ್ದರಿಂದ ಅದು ಬರಲೊಲ್ಲದು. ಮೂವತ್ತು. ಬಾಗಿಲು ಒಂದು ಗೇಣು ತೆರೆದು ಗಾಲಿಕುರ್ಚಿಗೆ ಢಿಕ್ಕಿ ಹೊಡೆಯಿತು.

"ಯಾರ್ರೀ ಅದು ಅಡ್ಡ?" ಪರದೆಯ ಹಿಂದಿನಿಂದ ಪಿಸುದನಿ.

"ನಾನು ಕಣೇ."

"ಅಕ್ಕಾ? ಅಲ್ಲೇನ್ ಮಾಡ್ತಿದೀಯಾ?"

"ಊಟ."

ಮ್ಯಾನೇಜರನಿಗೆ ಬುದ್ಧಿ ಕಲಿಸಲು ಇದಕ್ಕಿಂತ ಒಳ್ಳೆ ಅವಕಾಶ ಸಿಗದು ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಮಾನ ಹೋಗುವುದು ತಂಗಿಯದು, ಅದೂ ಕೊನೆಯ ದಿನ.

"ನುಸುಳು! ನನ್ನ ಮೇಲೇ ಬಾ!"

ತಂಗಿ ಮೂವತ್ತೊಂದು ವರ್ಷ ಪೆಟ್ಟಿಗೆಯಲ್ಲಿ ಮಡಚಿಕೊಂಡು ಕೂತವಳು. ಒಂದು ಗೇಣು ಸಂದಿ ಅವಳಿಗೆ ಹೆದ್ದಾರಿ. ಮೂವತ್ತೆಂಟಕ್ಕೆ ನುಸುಳಿ ಬಂದು, ಕಾಲಿಡಲು ಜಾಗವಿಲ್ಲದೆ ಅಕ್ಕನ ತೊಡೆಯ ಮೇಲೆ ಧೊಪ್ಪನೆ ಕೂತಳು. ತಿಂಡಿಪಟ್ಟಿ ಹರಿದು ಗಂಡನ ಕೈಗೆ ಬಂತು. ನಲವತ್ತಕ್ಕೆ ಸರಿಯಾಗಿ ಬೆಳಕು ಅವರ ಮೇಲೆ ಬಿತ್ತು.

"ಸ್ವಲ್ಪ ಜಾಗ ಬಿಡಿ, ಜಾಗ ಬಿಡಿ!" ಎನ್ನುತ್ತಾ ಗಂಡ ಗಾಡಿ ಹೊರಡಿಸಿಯೇಬಿಟ್ಟ. ಎಂಟು ಜನ ತಟ್ಟೆಗಳನ್ನು ಎತ್ತಿ ಹಿಡಿದು ಎದ್ದರು. ಕಂಬವನ್ನು ಒಂದೇ ತಿರುವಿನಲ್ಲಿ ದಾಟಿ, ನಡುದಾರಿ ಹಿಡಿದು, ಅತಿ ದುಬಾರಿಯ ಎರಡು ಮೇಜುಗಳ ನಡುವೆ, ರಂಗದ ಮೆಟ್ಟಿಲಿನ ಮುಂದೆ, ಒಂದಿಷ್ಟೂ ಕುಲುಕದೆ ನಿಲ್ಲಿಸಿದ. ಇದೂ ಆಟದ್ದೇ ಭಾಗವೆಂದುಕೊಂಡು ಜನ ಶಿಳ್ಳೆ ಹೊಡೆದರು. ದಾರಿಯುದ್ದಕ್ಕೂ ಸೂಜಿಯಕ್ಕನ ಮೂಗಿನ ಮುಂದಿದ್ದದ್ದು ಮತ್ತೆ ತಂಗಿಯ ಬೆನ್ನೇ. ಮೇಲಿನ ಕೊಕ್ಕೆ ಬಿಟ್ಟಿತ್ತು. ಅಭ್ಯಾಸಬಲದಿಂದ ಹಾಕಿದಳು.

ತಂಗಿ ಎದ್ದು ಮೆಟ್ಟಿಲು ಹತ್ತಿ ಜನರ ಕಡೆ ತಿರುಗಿದಳು. ಚಪ್ಪಾಳೆ ಮುಗಿಲು ಮುಟ್ಟಿತು. ಈ ಸಲ ಸೂಜಿಯಕ್ಕನ ಕೈಯಲ್ಲಿ ಪೋಣಿಸಲು ದಾರವಿರಲಿಲ್ಲ, ತಲೆ ಎತ್ತಿಯೇ ಕೂತಿದ್ದಳು. ತಂಗಿ ಎದೆಯ ಮೇಲೆ ಕೈಯಿಟ್ಟು ಬಾಗಿದಳು. ಬಾಗುವಾಗ ಅವಳ ಮುಖ ಜನರತ್ತ ಇರಲಿಲ್ಲ, ಎಡಕ್ಕೆ ಹೊರಳಿತ್ತು. ಖಾಲಿ ಬಿದ್ದ ಪರದೆಯ ಮರೆಯ ಕಡೆ ನೋಡಿ ನಗುತ್ತಿದ್ದಳು. ಮೂವತ್ತೊಂದು ವರ್ಷದ ರೂಢಿ ಅದು. ಆಮೇಲೆ ನೆನಪಾಗಿ, ತಡಬಡಿಸಿ, ಎದುರಿಗೆ ತಿರುಗಿ ಅಕ್ಕನನ್ನು ಹುಡುಕಿದಳು.

ಪ್ರತಿ ಸಂಜೆ, ಎರಡೆರಡು ಸಲ, ಈ ನಮಸ್ಕಾರ ತನ್ನ ಬಗ್ಗಿದ ತಲೆಗೇ ಬರುತ್ತಿತ್ತಲ್ಲ ಎಂದು ಸೂಜಿಯಕ್ಕನಿಗೆ ಆಗ ತಿಳಿಯಿತು. ಬ್ರೆಡ್ಡಿನಿಂದ ತಡೆದಿದ್ದ ಅಳು ಈಗ ಯಾರಪ್ಪನ ಮಾತನ್ನೂ ಕೇಳಲಿಲ್ಲ.

ಮ್ಯಾನೇಜರ್ ಬಗ್ಗಿಕೊಂಡು ಓಡಿಬಂದ. ಎದುರಿಗೆ ಕುಕ್ಕುರುಗಾಲಲ್ಲಿ ಕೂತದ್ದರಿಂದ ಮೊದಲ ಸಲ ಅವನ ಮುಖ ಅವಳ ಕಣ್ಣಿನ ಮಟ್ಟಕ್ಕೆ ಬಂತು.

"ಮೇಡಂ, ಇದು ನಿಮ್ಮ ಜಾಗ ಅಲ್ಲ."

"ಎರಡು ಕುರ್ಚಿ ದುಡ್ಡು ಇಸ್ಕೊಂಡಿದೀಯಲ್ಲಪ್ಪಾ," ಎಂದಳು ಸೂಜಿಯಕ್ಕ, ಕಣ್ಣು ರಂಗದಿಂದ ಕೀಳದೆ. "ಒಂದು ಕಂಬದ ಹಿಂದೆ ಇದೆ, ನೀನು ಹೋಗಿ ಕೂತ್ಕೋ. ಇನ್ನೊಂದು ಇದು."