ಮೂರು ಅಂಕ ತಂದವಳು

ನಾರ್ತ್ ಡಕೋಟಾದ ಆ ಪುಟ್ಟ ಊರಿನ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಬ್ರಿಟಾ ಹೌಗೆನ್ ಒಬ್ಬಳೇ ಹುಡುಗಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಆಟದಲ್ಲಿ ಅವಳ ಕೆಲಸ ಕಂಬಗಳ ನಡುವೆ, ಅಡ್ಡಕಂಬಿಯ ಮೇಲಿಂದ ಚೆಂಡು ಒದ್ದು ಮೂರು ಅಂಕ ತರುವುದಷ್ಟೇ. ಉಳಿದವರು ಡಿಕ್ಕಿ ಹೊಡೆದು, ಕೆಸರಲ್ಲಿ ಹೊರಳಿ, ಒಬ್ಬರನ್ನೊಬ್ಬರು ಬೈಯುತ್ತ ಅಭ್ಯಾಸ ಮಾಡುವಾಗ ಅವಳು ಮೈದಾನದ ಆಚೆ ತುದಿಯಲ್ಲಿ ಎರಡು ಕಂಬಗಳ ನಡುವೆ ಚೆಂಡು ಹಾರಿಸಿ, ತಾನೇ ಹೋಗಿ ಹೆಕ್ಕಿಕೊಂಡು ಬರುತ್ತಿದ್ದಳು. ಹುಡುಗರು ಅವಳಿಗೆ ಕೆಟ್ಟದ್ದೇನೂ ಮಾಡಿರಲಿಲ್ಲ. ಮಾತಿಗೆ ಸೇರಿಸಿಕೊಂಡಿರಲಿಲ್ಲ, ಅಷ್ಟೆ. ಬಟ್ಟೆ ಬದಲಿಸಲು ಅವಳಿಗೆ ಕೊಟ್ಟದ್ದು ಅವರ ಕೋಣೆಯ ಪಕ್ಕದ ಉಗ್ರಾಣ.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಪಕ್ಕದೂರಿನ ತಂಡ ಆಡಲು ಬಂದಿತ್ತು. ಬಯಲುಗಾಳಿ ಎಡದಿಂದ ಬೀಸುತ್ತಿತ್ತು. ಅವರ ಕಡೆಯ ಒದೆಗಾರ ಆನ್ಸೆಲ್ ಎಂಬ ಸಣಕಲ ಹುಡುಗ. ಅವನು ಒದ್ದ ಚೆಂಡು ಎಡಗಂಬಕ್ಕೆ ಬಡಿದು ಹೊರಗೆ ಬಿತ್ತು. ಯಾರೂ ಅವನ ಬೆನ್ನು ತಟ್ಟಲಿಲ್ಲ. ಬೆಂಚಿನ ತುದಿಯಲ್ಲಿ ಹೆಲ್ಮೆಟ್ ಕೂಡ ಕಳಚದೆ ಕುಳಿತುಬಿಟ್ಟ.

ಕೊನೆಗಳಿಗೆಯಲ್ಲಿ ಬ್ರಿಟಾಳ ತಂಡ ಎರಡು ಅಂಕ ಹಿಂದಿತ್ತು.

"ಹೋಗಮ್ಮ, ಹಾರಿಸಿ ಬಾ," ಎಂದ ಕೋಚ್ ಕ್ರೆಸ್ಲರ್.

ಅವಳು ಒದೆಯಲೆಂದು ಚೆಂಡನ್ನು ಕೈಯಲ್ಲಿ ನಿಲ್ಲಿಸಿ ಹಿಡಿಯುವ ವೇಡ್ ಮೊಣಕಾಲೂರುತ್ತ, "ನನ್ ಕೈಗೆ ಒದ್ದೀಯಾ ಮತ್ತೆ!" ಎಂದ.

"ನೀನು ಅಲ್ಲಾಡ್ಬೇಡ, ಸಾಕು."

ಬ್ರಿಟಾ ಎಡಗಂಬದಿಂದಾಚೆಗೆ ಗುರಿಯಿಟ್ಟು ಒದ್ದಳು. ಗಾಳಿ ಚೆಂಡನ್ನು ಒಳಕ್ಕೆ ತಳ್ಳಿತು. ಅದು ಅಡ್ಡಕಂಬಿಯ ಮೇಲಿಂದ ದಾಟಿತು. ಮೂರು ಅಂಕ, ಗೆಲುವು.

ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಒಂದಿಬ್ಬರು ಅವಳ ಹೆಲ್ಮೆಟ್ ತಟ್ಟಿ, ತಮ್ಮ ಕೋಣೆಗೆ ಓಡಿದರು. ಉಗ್ರಾಣದಲ್ಲಿ ಅವಳು ಒಂದು ಶೂ ಬಿಚ್ಚಿ ಹಾಗೇ ಕುಳಿತಳು. ಗೋಡೆಯಾಚೆ ಕಾಲು ಬಡಿಯುತ್ತ ಎಲ್ಲರೂ ಕೂಗುತ್ತಿದ್ದರು: "ಹೌಗೆನ್! ಹೌಗೆನ್!" ಅಲ್ಲಿಗೆ ಅವಳು ಹೋಗುವ ಹಾಗಿರಲಿಲ್ಲ.

ಹೊರಗೆ ಬಂದಾಗ ಹುಡುಗರ ಗಾಡಿಗಳು ಹೊರಟೇಬಿಟ್ಟಿದ್ದವು. "ಪಿಜ್ಜಾ ಅಂಗಡಿಗೆ ಬಾರೇ!" ಎಂದು ವೇಡ್ ಒಂದು ಗಾಡಿಯ ಹಿಂಬದಿಯಿಂದ ಕೂಗಿದ, ಗಾಡಿ ನಿಲ್ಲಲಿಲ್ಲ. ಪಕ್ಕದೂರಿನವರ ಬಸ್ಸಿನ ಬಳಿ ಆನ್ಸೆಲ್ ಒಬ್ಬನೇ ನಿಂತಿದ್ದ.

"ಕಂಬದಿಂದ ಆಚೆಗೆ ಗುರಿ ಇಟ್ಟೆ, ಅಲ್ವಾ?" ಎಂದ.

"ನೀನೂ ಹಂಗೇ ಇಟ್ಟಿದ್ದೆ. ನಿನ್ ಸರದೀಲಿ ಗಾಳಿ ನಿಂತೋಯ್ತು."

ಆನ್ಸೆಲ್ ತಲೆಯೆತ್ತಿದ. "ಅದನ್ನ ಯಾರೂ ನೋಡ್ಲಿಲ್ಲ ಅನ್ಕೊಂಡಿದ್ದೆ."

"ನಂಗೆ ಬೇರೆ ಕೆಲ್ಸ ಏನಿತ್ತು?"

ಅವನು ನಕ್ಕ. "ಇವತ್ತು ಬಸ್ಸಲ್ಲಿ ನನ್ ಪಕ್ಕ ಯಾರೂ ಕೂರಲ್ಲ."

"ಗೆದ್ರೂ ಅಷ್ಟೇ ಕಣೋ," ಎಂದಳು ಬ್ರಿಟಾ.

ಡ್ರೈವರ್ ಹಾರನ್ ಬಾರಿಸಿದ. ಆನ್ಸೆಲ್ ಹತ್ತಿ, ಮುಂದಿನ ಸೀಟಿನಲ್ಲಿ ಒಬ್ಬನೇ ಕುಳಿತ.

ಬ್ರಿಟಾ ನಡೆದುಕೊಂಡು ಪಿಜ್ಜಾ ಅಂಗಡಿಗೆ ಹೋದಳು. ಬಾಗಿಲು ತಳ್ಳಿದ ಕೂಡಲೇ ಹುಡುಗರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ವೇಡ್ ಸರಿದು ಜಾಗ ಕೊಟ್ಟ. ಆಮೇಲೆ ಯಾರು ಯಾರನ್ನು ಕೆಡವಿದರೆಂಬ ಮಾತು ಮತ್ತೆ ಶುರುವಾಯಿತು. ಅದರಲ್ಲಿ ಅವಳು ಹೇಳುವಂಥದ್ದೇನೂ ಇರಲಿಲ್ಲ. ಆರಿಹೋದ ಪಿಜ್ಜಾ ತುಂಡು ತಿನ್ನುತ್ತ, ಆ ಬಸ್ಸು ಈಗ ಎಲ್ಲಿಗೆ ಮುಟ್ಟಿರಬಹುದೆಂದು ಯೋಚಿಸಿದಳು.