ಎಡಗಾಲಿನ ಮೇಲೆ ಬಂದ ಅಪವಾದ

ಗುಬ್ಬಿಗೆ ಗಾಡಿ ಓಡಿಸಲು ಕಲಿಸಿದವನು ಅವಳ ಒಡಹುಟ್ಟಿದ ಅಣ್ಣ. ಅವಳು ಅಡ್ಡಹೆಸರಿಗೆ ತಕ್ಕಂತೆ ಸಣ್ಣ ಆಳು. ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂತರೂ ಎದುರಿನಿಂದ ಬರುವವರಿಗೆ ಸ್ಟೀರಿಂಗಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. "ಗಾಡಿ ತಾನಾಗೇ ಬರ್ತಿದೆ ಅಂತ ಜನ ಹೆದರ್ಕೊಂಡು ಓಡ್ತಾರೆ ಕಣೇ" ಎಂದು ಅಣ್ಣ ನಗುತ್ತಿದ್ದ. ಆದರೆ ಕಲಿಸುವ ಹೊತ್ತಿಗೆ ನಗು ಇರುತ್ತಿರಲಿಲ್ಲ. ಕ್ಲಚ್ ಪೂರ್ತಿ ಒತ್ತು, ಮೆಲ್ಲಗೆ ಬಿಡು, ಬಿಟ್ಟ ಮೇಲೆ ಎಡಗಾಲನ್ನು ಅಲ್ಲಿಡಲೇಬೇಡ, ಪಕ್ಕಕ್ಕೆ ಎಳೆದುಕೋ. ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಅವಳು ಊಟಕ್ಕೆ ಕುರ್ಚಿಯಲ್ಲಿ ಕೂತಾಗಲೂ ಎಡಗಾಲು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು.

ಮದುವೆಯಾದ ಮೇಲೆ ಆ ಕಲಿಕೆಯೇ ಅನ್ನಕ್ಕೆ ದಾರಿಯಾಯಿತು. ಗಂಡ ಹೆಂಡತಿ ಸೇರಿ ಒಂದು ಲಾಂಡ್ರಿ ನಡೆಸುತ್ತಿದ್ದರು. ಆಸ್ಪತ್ರೆ, ಲಾಡ್ಜುಗಳ ಹಾಸು ಹೊದಿಕೆಗಳನ್ನೆಲ್ಲ ತಂದು, ಒಗೆದು, ಇಸ್ತ್ರಿ ಮಾಡಿ ತಲುಪಿಸುವ ಕೆಲಸ. ಯಂತ್ರಗಳ ಮುಂದೆ ಗಂಡ, ವ್ಯಾನಿನಲ್ಲಿ ಗುಬ್ಬಿ. ಹಳೆಯ ವ್ಯಾನು ಕೈಕೊಟ್ಟಾಗ ಹೊಸ ಡೀಸೆಲ್ ವ್ಯಾನು ಕೊಂಡರು. ಎಲ್ಲಿ ಕೊಳ್ಳುವುದು ಎಂಬ ಯೋಚನೆಯೇ ಬರಲಿಲ್ಲ. ಅಣ್ಣ ಒಬ್ಬ ವಾಹನ ಡೀಲರರ ಬಳಿ ಸರ್ವಿಸ್ ವಿಭಾಗದ ಮುಖ್ಯಸ್ಥನಾಗಿದ್ದ. ಮನೆಯಲ್ಲೇ ವೈದ್ಯರಿದ್ದರೆ ಬೇರೆಯವರ ಬಾಗಿಲು ಯಾರು ತಟ್ಟುತ್ತಾರೆ?

ವರ್ಷ ತುಂಬುವ ಮೊದಲೇ ವ್ಯಾನು ನಡುಗತೊಡಗಿತು. ಮೊದಲ ಗೇರಿನಲ್ಲಿ ಹೊರಟರೆ ಸಾಕು, ಚಳಿಜ್ವರ ಹಿಡಿದವರ ಹಾಗೆ ಮೈಯೆಲ್ಲ ಅಲುಗುತ್ತಿತ್ತು. ಹಿಂದೆ ಜೋಡಿಸಿಟ್ಟ ಮಡಿ ಬಟ್ಟೆಯ ಗಂಟುಗಳು ಉರುಳಿ ಬೀಳುತ್ತಿದ್ದವು. ಗುಬ್ಬಿ ಅದನ್ನು ನೇರವಾಗಿ ಅಣ್ಣನ ಬಳಿ ಒಯ್ದು ಬಿಟ್ಟು ಬಂದಳು.

ಸಂಜೆ ಅಣ್ಣನೇ ಗಾಡಿ ಓಡಿಸಿಕೊಂಡು ಮನೆಗೆ ಬಂದ. ಕೀಲಿಯನ್ನು ಅವಳ ಕೈಗೆ ಕೊಡದೆ ಗಂಡನ ಮುಂದೆ ಮೇಜಿನ ಮೇಲಿಟ್ಟ.

"ಕ್ಲಚ್ ಪ್ಲೇಟು ಸುಟ್ಟಿದೆ ಭಾವ. ಗಾಡೀದೇನೂ ತಪ್ಪಿಲ್ಲ. ಇವಳು ಹಾಫ್ ಕ್ಲಚ್ಚಲ್ಲಿ ಓಡಿಸ್ತಾಳೆ."

"ನಾನಾ?" ಎಂದಳು ಗುಬ್ಬಿ.

"ನೀನೇ. ಕಾಲು ಅದರ ಮೇಲೇ ಇರತ್ತೆ, ನಿಂಗೆ ಗೊತ್ತಾಗಲ್ಲ. ಓಡಿಸೋರ ತಪ್ಪಿಗೆ ಕಂಪನಿಯವರು ಹೊಸದು ಹಾಕ್ಕೊಡಲ್ಲ. ಪ್ಲೇಟು ಉಜ್ಜಿ ಒಂದು ಮಟ್ಟಕ್ಕೆ ತಂದಿದೀನಿ. ಇನ್ಮೇಲಾದರೂ ಕಾಲು ಹತೋಟೀಲಿಟ್ಕೊ."

ಒಳಗಿನಿಂದ ಅತ್ತೆಯ ದನಿ ಬಂತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ." ಅತ್ತೆ ಕೆಟ್ಟವರಲ್ಲ; ಬಾಯಿಗೆ ಬಂದ ಗಾದೆಯನ್ನು ನುಂಗಿಕೊಳ್ಳಲು ಅವರಿಂದ ಆಗುತ್ತಿರಲಿಲ್ಲ, ಅಷ್ಟೆ. ಗಂಡ ನಕ್ಕ. ಅಣ್ಣನೂ ನಕ್ಕ. ಗುಬ್ಬಿಯೂ ನಗಬೇಕಾಯಿತು.

ಬೇರೆ ಯಾರಾದರೂ ಹೇಳಿದ್ದರೆ ಅವಳು ಜಗಳಕ್ಕೇ ನಿಲ್ಲುತ್ತಿದ್ದಳು. ಆದರೆ ಹೇಳಿದವನು ಅಣ್ಣ. ಆ ಕಾಲಿಗೆ ಬುದ್ಧಿ ಕಲಿಸಿದವನೇ ಅದು ಕೆಟ್ಟಿದೆ ಎಂದಾಗ ಯಾರನ್ನು ಕೇಳುವುದು? ಮರುದಿನದಿಂದ ಅವಳು ಎಡಗಾಲಿನ ಚಪ್ಪಲಿ ಕಳಚಿಟ್ಟು ಓಡಿಸತೊಡಗಿದಳು. ಬರಿಗಾಲಾದರೆ ಪೆಡಲು ತಗುಲಿದ್ದು ಗೊತ್ತಾಗುತ್ತದಲ್ಲ. ರಸ್ತೆ ನೋಡಬೇಕಾದ ಕಣ್ಣು ಮತ್ತೆ ಮತ್ತೆ ಕಾಲಿನ ಕಡೆ ಹೋಗುತ್ತಿತ್ತು. ಒಮ್ಮೆ ಸಿಗ್ನಲಿನಲ್ಲಿ ಮುಂದಿನ ಕಾರಿಗೆ ಇನ್ನೇನು ಗುದ್ದಬೇಕು, ಅಷ್ಟರಲ್ಲಿ ತಡೆದಳು. ನಡುಕ ಸ್ವಲ್ಪ ದಿನ ಅಡಗಿದ್ದು ಮತ್ತೆ ಬಂತು. ಅಣ್ಣನಿಗೆ ಫೋನು ಮಾಡಿದರೆ, "ಅಭ್ಯಾಸ ಬಿಡೋಕೆ ಟೈಮ್ ಬೇಕು ಕಣೇ" ಎಂದ.

ಕೊನೆಗೆ ಗಂಡ ಒಂದು ಬೆಳಿಗ್ಗೆ, ಅವಳ ಮುಖ ನೋಡದೆ, ಟವೆಲುಗಳನ್ನು ಮಡಚುತ್ತಲೇ ಹೇಳಿದ: "ಕೆಲವು ದಿನ ನೀನು ಇಸ್ತ್ರಿ ಕಡೆ ನೋಡ್ಕೊ. ಗಾಡಿಗೆ ಒಬ್ಬರನ್ನ ಹೇಳಿದೀನಿ."

ಬಂದವನಿಗೆ ದಪ್ಪ ಮೀಸೆ ಇದ್ದುದರಿಂದ ಎಲ್ಲರೂ ಅವನನ್ನು ಮೀಸೆ ಎಂದೇ ಕರೆದರು. ಆಸ್ಪತ್ರೆಯ ದಾರಿ ತೋರಿಸಲೆಂದು ಗುಬ್ಬಿ ಅವನ ಪಕ್ಕ ಕೂತು ಹೋದಳು. ಅವನ ಕೈಯಲ್ಲೂ ವ್ಯಾನು ನಡುಗಿತು. ಅವಳಿಗೆ ಒಂದು ಕ್ಷಣ ಜೀವ ಬಂದಂತಾಯಿತು. "ನೋಡಿದ್ರಾ? ನಿಮಗೂ ಹಾಗೇ ಆಯ್ತು" ಎಂದಳು.

"ಮೊದಲೇ ಹಾಳಾಗಿದೆಯಲ್ಲಕ್ಕ, ಇನ್ನೇನಾಗತ್ತೆ" ಎಂದ ಮೀಸೆ.

ಬಟ್ಟೆ ಎಣಿಸಿಕೊಳ್ಳಲು ಗುಬ್ಬಿಯೂ ಮೀಸೆಯ ಜೊತೆ ಹೋಗಿದ್ದ ಒಂದು ದಿನ, ಆಸ್ಪತ್ರೆಯ ಹಿಂಬಾಗಿಲಿನಿಂದ ಹೊರಗೆ ಹತ್ತುವ ಏರಿನಲ್ಲಿ ವ್ಯಾನು ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಂಜಿನ್ನು ಕೂಗುತ್ತದೆ, ಚಕ್ರ ಅಲುಗುವುದಿಲ್ಲ. ಕೊಳೆ ಬಟ್ಟೆಯ ಗಂಟುಗಳನ್ನು ಆಟೋದಲ್ಲಿ ಹಾಕಿಸಿ ಮೀಸೆಯ ಜೊತೆ ಕಳುಹಿಸಿ, ವ್ಯಾನನ್ನು ಎಳೆಸಿಕೊಂಡು ಗುಬ್ಬಿ ಡೀಲರರ ಬಳಿ ಬಂದಳು. ಅಣ್ಣ ಒಳಗೆಲ್ಲೋ ಇದ್ದ. ಕೂತಿರಿ ಎಂದರು, ಕೂತಳು.

ಗ್ರಾಹಕರ ಕೋಣೆಯಲ್ಲಿ ಗಾಜಿನ ಗೋಡೆ, ಅದರಾಚೆ ಎತ್ತರಕ್ಕೆ ಏರಿಸಿ ನಿಲ್ಲಿಸಿದ ಗಾಡಿಗಳ ಹೊಟ್ಟೆಗಳು. ಪಕ್ಕದ ಸೋಫಾದಲ್ಲಿ ಒಬ್ಬ ಬೇಕರಿಯವನು ಅರ್ಧ ಸೋಫಾ ತುಂಬಿಕೊಂಡು ಕೂತಿದ್ದ. ಅಂಗಿಯ ತೋಳಿಗೆ ಹಿಟ್ಟು ಮೆತ್ತಿತ್ತು. ಸುಮ್ಮನಿರುವ ಜಾತಿಯಲ್ಲ.

"ಆ ವ್ಯಾನು ನಿಮ್ಮದಾ? ನಂದೂ ಅದೇ. ಏನಾಗಿದೆ, ನಡುಕಾನಾ?"

"ಹೂಂ. ನನ್ನ ಕಾಲಿಂದ್ಲೇ ಆಗಿದ್ದು" ಎಂದಳು ಗುಬ್ಬಿ. ಹೇಳಿ ಹೇಳಿ ರೂಢಿಯಾಗಿತ್ತು.

"ಕಾಲೂ ಇಲ್ಲ, ತಲೇನೂ ಇಲ್ಲ! ನಾವು ತಗೊಂಡ ಸಲ ಬಂದ ಗಾಡಿಗಳ ಕ್ಲಚ್ಚೇ ಹಾಗೆ. ಕಂಪನಿಯವರೇ ಒಪ್ಪಿಕೊಂಡು ಪುಕ್ಕಟೆ ಬದಲಾಯಿಸಿ ಕೊಡ್ತಿದಾರೆ. ಆದ್ರೆ ಹೊಸ ಕ್ಲಚ್ ಸೆಟ್ಟುಗಳು ಬರೋದೇ ಅಪರೂಪ. ಹೋದ ಸಲ ನಾನು ಬಂದಾಗ ಒಂದೇ ಒಂದಿತ್ತು. ಯಾರಿಗೋ ಎತ್ತಿಟ್ಟಿದೀವಿ ಅಂದ್ರು. ನಾನು ಬಿಡ್ತೀನಾ? ಇಲ್ಲೇ ನಿಂತು ಶೋರೂಮ್ ಹಾರಿಹೋಗೋ ಹಾಗೆ ಕೂಗಾಡಿದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ, ಅಲ್ವಾ? ಆಮೇಲೆ ಆ ಸರ್ವಿಸ್‌ನೋರೇ ಬಂದು, ಆಯ್ತು ಸರ್, ಅವರು ನಮ್ಮವರೇ, ಏನೂ ಅನ್ನಲ್ಲ, ನೀವು ತಗೊಳ್ಳಿ ಅಂದ್ರು. ಒಳ್ಳೆ ಮನುಷ್ಯ. ಅಕೋ, ಬಂದ್ರಲ್ಲ."

ಗಾಜಿನಾಚೆ ಅಣ್ಣ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ. ಗುಬ್ಬಿ ಎದ್ದು ಹೊರಗೆ ಹೋದಳು. ಬಿಡಿಭಾಗಗಳ ಕೋಣೆಯ ಮುಂದೆ, ಟೈರುಗಳ ರಾಶಿಯ ಪಕ್ಕ ಇಬ್ಬರೂ ಎದುರಾದರು.

"ನಮ್ಮವರು ಅಂದ್ರೆ ನಾನಾ ಅಣ್ಣ?"

ಅಣ್ಣ ಗಾಜಿನ ಒಳಗಿದ್ದ ಬೇಕರಿಯವನನ್ನು ನೋಡಿದ. ಅವನು ಒಳಗಿನಿಂದ ಕೈಬೀಸಿದ. ಅಣ್ಣನ ಮುಖದ ಬಣ್ಣ ಇಳಿಯಿತು.

"ಮೆಲ್ಲಗೆ ಮಾತಾಡು. ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳು."

"ನೀನು ಗಾಡಿ ಬಿಟ್ಟು ಹೋದಾಗ್ಲೇ ನಿಂಗೇ ಅಂತ ಎತ್ತಿಟ್ಟಿದ್ದೆ, ದೇವರಾಣೆ. ಅವನು ಮಾಲೀಕರ ತನಕ ಹೋಗ್ತೀನಿ ಅಂತ ನಿಂತ. ಇನ್ನೊಂದು ಬರತ್ತಲ್ಲ, ಅಲ್ಲಿತನಕ ನೀನು ತಡ್ಕೋತೀಯ ಅಂದ್ಕೊಂಡೆ. ನೀನೇನು ಹೊರಗಿನವಳಾ?"

"ತಡ್ಕೋತಿದ್ದೆ" ಎಂದಳು ಗುಬ್ಬಿ. "ಸೆಟ್ಟು ಇಲ್ಲ, ಕಾಯಿ ಅಂದಿದ್ರೆ ತಳ್ಕೊಂಡಾದ್ರೂ ಹೋಗ್ತಿದ್ದೆ. ನನ್ನ ಕಾಲಿನ ಮೇಲೆ ಯಾಕೆ ಹಾಕ್ದೆ?"

ಅಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. "ಕಂಪನಿ ತಪ್ಪು ಅಂದಿದ್ರೆ ಭಾವ ಇಲ್ಲಿಗೆ ಬಂದು, ಮತ್ಯಾಕೆ ಹಾಕ್ಲಿಲ್ಲ ಅಂತ ಕೇಳ್ತಿದ್ರು. ಬಾಯಿಗೆ ಅದು ಬಂತು, ಅಂದ್ಬಿಟ್ಟೆ. ಇಷ್ಟು ದೂರ ಹೋಗತ್ತೆ ಅಂದ್ಕೊಂಡಿರ್ಲಿಲ್ಲ."

ಗುಬ್ಬಿಗೆ ಕೂಗಬೇಕೆನಿಸಿತು. ಕೂಗಿದವರಿಗೆ ಇಲ್ಲಿ ಏನು ಸಿಗುತ್ತದೆ ಎಂಬುದು ಈಗಷ್ಟೇ ತಿಳಿದಿತ್ತು. ಆದರೆ ಬರಿಗಾಲಲ್ಲಿ ಓಡಿಸಿದ ದಿನಗಳೆಲ್ಲ ನೆನಪಾದವು. ಆಗೆಲ್ಲ ಇವನಿಗೆ ಗೊತ್ತಿತ್ತು. ಫೋನಿನಲ್ಲಿ ಅಭ್ಯಾಸ ಬಿಡು ಎಂದಾಗಲೂ ಗೊತ್ತಿತ್ತು.

"ಗಾಡಿ ಇಲ್ಲೇ ಇರತ್ತೆ. ಹೊಸ ಸೆಟ್ಟು ಹಾಕಿಸಿ ತಂದು ಬಿಡು" ಎಂದಷ್ಟೇ ಹೇಳಿ ನಡೆದಳು.

ಸೆಟ್ಟು ಎಲ್ಲಿಂದ ಹುಟ್ಟಿತೋ, ಅದೇ ವಾರ ವ್ಯಾನು ಮನೆ ಮುಂದೆ ಬಂದು ನಿಂತಿತು. ಅಣ್ಣ ಒಳಗೆ ಬಂದು ಕೂತ, ಚಹಾ ಕುಡಿದ, ಗಂಡನ ಕಡೆ ತಿರುಗಿ ಹೇಳಿದ:

"ಹಟ ಹಿಡಿದು ಹೊಸ ಕ್ಲಚ್ಚೇ ಹಾಕಿಸಿದೆ ಭಾವ. ಕಂಪನಿಯವರ ಹತ್ರ ಹೋರಾಡಿ ಪುಕ್ಕಟೆ ಮಾಡಿಸಿದೆ."

"ಅಣ್ಣ ಅಂದ್ರೆ ಹೀಗಿರಬೇಕು" ಎಂದರು ಅತ್ತೆ. "ತಂಗಿ ಕೆಡಿಸಿದ್ದನ್ನ ಅಣ್ಣ ಸರಿ ಮಾಡಿಸ್ದ."

ಗುಬ್ಬಿ ಕಾದಳು. ಈಗಲಾದರೂ ಹೇಳುತ್ತಾನೆ ಎಂದು ನಿಜವಾಗಿಯೂ ಕಾದಳು. ಅಣ್ಣ ಲೋಟದ ತಳ ನೋಡುತ್ತ ಕೂತ. ಶೋರೂಮಿನಲ್ಲಿ ಅವಳಿಗೆ ಬಂದದ್ದು ಸಿಟ್ಟು. ಈಗ ಆ ಸಿಟ್ಟೂ ಉಳಿಯಲಿಲ್ಲ. ಅಂದು ಹೆದರಿಕೆಗೆ ಸುಳ್ಳು ಹೇಳಿದ್ದ ಎನ್ನಬಹುದಿತ್ತು. ಇಂದು ಹೆದರಿಸುವವರು ಯಾರಿದ್ದರು?

"ನಾನು ಕೆಡಿಸಿದ್ದಲ್ಲ ಅತ್ತೆ" ಎಂದಳು. "ಅದು ಬರುವಾಗಲೇ ಕೆಟ್ಟಿತ್ತು. ಅಣ್ಣನಿಗೆ ಮೊದಲಿಂದ ಗೊತ್ತಿತ್ತು. ನನಗೆ ಬರಬೇಕಾಗಿದ್ದನ್ನ ಕೂಗಾಡಿದವರಿಗೆ ಕೊಟ್ಟು, ತಪ್ಪು ನನ್ನ ಕಾಲಿನ ಮೇಲೆ ಹಾಕ್ದ. ಅಲ್ವಾ ಅಣ್ಣ?"

ಈ ಸಲ ಅತ್ತೆಯ ಬಾಯಿಗೆ ಗಾದೆ ಬರಲಿಲ್ಲ. ಗಂಡ ಅಣ್ಣನ ಮುಖ ನೋಡಿದ, ಉತ್ತರ ಅಲ್ಲೇ ಇತ್ತು. ಅಣ್ಣ ಲೋಟ ಕೆಳಗಿಟ್ಟು, "ಮನೆಯವರ ಮುಂದೆ ನನ್ನ ಮಾನ ಕಳೆದೆಯಲ್ಲೇ ಗುಬ್ಬಿ" ಎಂದು ಎದ್ದ. ತಾನು ಕಳೆದ ಅವಳ ಮಾನದ ಲೆಕ್ಕ ಅವನಿಗೆ ಇನ್ನೂ ಹೊಳೆದಿರಲಿಲ್ಲ ಎನ್ನುವುದೇ ಅವಳಿಗೆ ಹೆಚ್ಚು ನೋವು ತಂದಿತು. ಅವನನ್ನು ಬಾಗಿಲ ತನಕ ಕಳುಹಿಸಲು ಅವಳು ಏಳಲಿಲ್ಲ.

ಮರುದಿನ ತವರಿನಿಂದ ಅಮ್ಮನ ಫೋನು. "ಒಂದು ಸಣ್ಣ ಸುಳ್ಳಿಗೆ ಒಡಹುಟ್ಟಿದವನನ್ನ ದೂರ ಮಾಡ್ಕೋತಾರಾ? ಅವನು ರಾತ್ರಿ ಊಟಾನೇ ಮಾಡಿಲ್ಲ."

"ದೂರ ಮಾಡ್ಕೊಂಡಿಲ್ಲಮ್ಮ. ಅವನು ಬಂದ್ರೆ ಊಟಕ್ಕೆ ಹಾಕ್ತೀನಿ" ಎಂದಳು ಗುಬ್ಬಿ. "ಗಾಡಿ ಮಾತ್ರ ಇನ್ಮೇಲೆ ಬೇರೆ ಕಡೆ ತೋರಿಸ್ತೀನಿ."

ಅಂಗಳದಲ್ಲಿ ಗಂಡ ಮಡಿ ಬಟ್ಟೆಯ ಗಂಟುಗಳನ್ನು ವ್ಯಾನಿಗೆ ತುಂಬುತ್ತಿದ್ದ. ಮೀಸೆಗೆ ಬರುವುದು ಬೇಡವೆಂದು ಅವನೇ ಹೇಳಿ ಕಳಿಸಿದ್ದ. ಅವಳನ್ನು ಕಂಡು ಏನೋ ಹೇಳಲು ಹೋಗಿ, ತಡವರಿಸಿ, "ನಾನಾದರೂ ನಿನ್ನನ್ನ ಒಂದು ಮಾತು ಕೇಳಬೇಕಿತ್ತು" ಎಂದ.

"ಕೇಳಬೇಕಿತ್ತು" ಎಂದಳು ಗುಬ್ಬಿ. ಗಾಡಿ ಹತ್ತಿ, ಮೊದಲ ಗೇರು ಹಾಕಿ ಹೊರಟಳು. ವ್ಯಾನು ಅಲುಗದೆ ಮುಂದೆ ಸಾಗಿತು. ಆಸ್ಪತ್ರೆಯವರು ಬೆಳಿಗ್ಗೆಯಿಂದ ಹಾಸುಗಳಿಗಾಗಿ ಎರಡು ಸಲ ಫೋನು ಮಾಡಿದ್ದರು.