ಕಾಲು ಎಲ್ಲಿ ಅದಾವ?

ಶಹಾಬಾದಿನ ಫರಸಿ ಕಲ್ಲಿನ ಕಾರ್ಖಾನೆಯ ಗೇಟು ದಾಟುವಷ್ಟರಲ್ಲಿ ಸಾನಿಯಾಗೆ ಧಡಕ್ಕನೆ ಏನೋ ಬಿದ್ದ ಸದ್ದು ಕೇಳಿಸಿತು. ಅಪ್ಪನಿಗೆ ಬುತ್ತಿ ಕೊಡಲು ಬಂದವಳು ಓಡಿದಳು. ಲಾರಿಯ ಮೇಲೆ ಕಲ್ಲು ಜೋಡಿಸುತ್ತಿದ್ದ ಅಪ್ಪ ಮಶಾಕ ಕಾಲು ಜಾರಿ ಕೆಳಗೆ ಅಂಗಾತ ಬಿದ್ದಿದ್ದ.

ಜೊತೆಗೆ ಕೆಲಸ ಮಾಡುತ್ತಿದ್ದ ಸಿದ್ದಲಿಂಗೇಶ ಆಗಲೇ ಅವನ ಕಂಕುಳಿಗೆ ಕೈ ಹಾಕಿದ್ದ. "ಏಳೋ ಮಶಾಕ, ಏನೂ ಆಗಿಲ್ಲ. ಯಾರರ ನೀರ ತರ್ರಿ!"

"ಎತ್ತಬ್ಯಾಡ್ರಿ ಕಾಕಾ! ಕೈ ಬಿಡ್ರಿ!"

ಸಾನಿಯಾಳ ಕೂಗಿಗೆ ಅವನು ಬೆಚ್ಚಿ ಕೈ ತೆಗೆದ. ಅವಳು ನೆಲಕ್ಕೆ ಕುಸಿದು ಅಪ್ಪನ ತಲೆಯನ್ನು ಎರಡೂ ಅಂಗೈಗಳ ನಡುವೆ ಗಟ್ಟಿಯಾಗಿ ಹಿಡಿದಳು.

ರಜೆಗೆ ಊರಿಗೆ ಬಂದಿದ್ದ ಅವಳು ಕಲಬುರಗಿಯಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಳು. ಮಿದುಳಿನ ಬುಡದಿಂದ ಹೊರಡುವ ಬೆನ್ನುಹುರಿ ಕಿರುಬೆರಳಿನಷ್ಟೇ ದಪ್ಪ, ಮಣಿಮಣಿಯಾದ ಎಲುಬುಗಳ ತೂತಿನೊಳಗೆ ಇಳಿದು ಸೊಂಟದ ಹತ್ತಿರ ಮುಗಿಯುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಬರೆದಿದ್ದಳು. ಮುರಿದ ಎಲುಬು ಕೂಡುತ್ತದೆ; ಎತ್ತಾಡಿದಾಗ ಅದರ ಚೂರು ಚುಚ್ಚಿ ಹರಿದ ಹುರಿ ಕೂಡುವುದಿಲ್ಲ. ಕುತ್ತಿಗೆಯಲ್ಲಿ ಹರಿದರೆ ಉಸಿರೇ ನಿಲ್ಲಬಹುದು. ಬರೆಯುವಾಗ ಅದೊಂದು ಉತ್ತರವಾಗಿತ್ತು. ಈಗ ಅವಳ ಅಂಗೈಯಲ್ಲಿ ಅಪ್ಪನ ತಲೆ ಬೆವರುತ್ತಿತ್ತು.

"ಅಬ್ಬಾ, ನನ್ನ ಮಾತ ಕೇಳ್ಸಾಕತ್ತದೇನು? ತಲಿ ಹೊಳ್ಳಿಸಬ್ಯಾಡ. ಕೈಬೆರಳ ಮಡಚು."

ಬೆರಳು ಮಡಚಿಕೊಂಡವು, ಎರಡೂ ಕೈಯವು. ಕುತ್ತಿಗೆ ಉಳಿದಿರಬಹುದು ಎಂದುಕೊಂಡಳು.

"ಕಾಲ ಅಲ್ಲಾಡಿಸು."

ಮಶಾಕನ ಪಾದಗಳು ಅಲುಗಲಿಲ್ಲ. ಆಕಾಶವನ್ನೇ ನೋಡುತ್ತ ಅವನು ಮೆಲ್ಲಗೆ ಕೇಳಿದ: "ಬೇಟಾ, ನನ್ನ ಕಾಲು ಎಲ್ಲಿ ಅದಾವ? ನನಗ ಗೊತ್ತಾಗವಲ್ದು."

ಸುತ್ತ ನಿಂತವರು ಗುಜುಗುಜು ಶುರುಮಾಡಿದರು. ಬಿಸಿಲಲ್ಲಿ ಸಾಯಿಸುತ್ತಾಳೆ, ಜೀಪಿನಲ್ಲಿ ಕೂಡ್ರಿಸಿ ಒಯ್ಯಬೇಕು ಎಂದ ಒಬ್ಬ. ತಾನೇ ತಪ್ಪಾಗಿದ್ದರೆ ಎಂದು ಸಾನಿಯಾ ಅಳುಕಿದಳು. ತಡ ಮಾಡಿಯೇ ಅಪ್ಪನನ್ನು ಕೊಂದರೆ? ಅಪ್ಪನ ಕುತ್ತಿಗೆ ಅಲುಗದಿರಲೆಂದು ಮೊಣಕೈಗಳನ್ನು ನೆಲಕ್ಕೆ ಊರಿದಳು.

"ಕಾಕಾ, ನೂರಾಎಂಟಕ್ಕ ಫೋನ್ ಹಚ್ಚರಿ. ಒಂದ್ ಉದ್ದನ್ನ ಹಲಿಗಿ ಬೇಕು. ಕೂಡ್ರಿಸಿದ್ರ ಅಬ್ಬಾ ಮತ್ತ ಏಳಂಗಿಲ್ಲ."

ಸಿದ್ದಲಿಂಗೇಶ ಅವಳ ಮುಖ ನೋಡಿದ. ಮತ್ತೇನೂ ಕೇಳದೆ ಫೋನು ಮಾಡುತ್ತಲೇ ಹೋಗಿ ಆಫೀಸು ಕೋಣೆಯ ಬಾಗಿಲನ್ನೇ ಕಳಚಿಕೊಂಡು ಬಂದ. ಅವಳು ಮೂರರವರೆಗೆ ಎಣಿಸಿದಳು; ನಾಲ್ಕು ಜನ ಮಶಾಕನನ್ನು ಮರದ ದಿಮ್ಮಿಯಂತೆ ಒಟ್ಟಿಗೇ ಹೊರಳಿಸಿ ಬಾಗಿಲ ಮೇಲೆ ಮಲಗಿಸಿದರು.

ಆಂಬುಲೆನ್ಸು ಕಲಬುರಗಿ ಮುಟ್ಟುವವರೆಗೂ ಅವಳು ಅಪ್ಪನ ತಲೆಯ ಹತ್ತಿರದಿಂದ ಕದಲಲಿಲ್ಲ. ಪ್ರತಿ ತಗ್ಗಿಗೂ ಅಂಗೈಗಳ ಹಿಡಿತ ಬಿಗಿ ಮಾಡಿದಳು. ಅವನ ಉಸಿರು ಎಣಿಸಿದಳು, ಲೆಕ್ಕ ತಪ್ಪಿತು, ಮತ್ತೆ ಎಣಿಸಿದಳು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಸಂಜೆ ಹೊರಗೆ ಬಂದರು. "ಸೊಂಟದ ಹತ್ರ ಬೆನ್ನೆಲುಬು ಒಡದದ. ಚೂರೊಂದು ಒಳಗ ಒತ್ತಾಕತ್ತದ. ಅಲ್ಲಿ ಹುರಿ ಮುಗದಿರ್ತದ, ಬರೇ ನರದ ಎಳಿಗೊಳ ಗೊಂಚಲ ಇರ್ತದ. ಅವು ಹರದಿಲ್ಲ. ಆಪರೇಷನ್ ಮಾಡೋಣು. ನಡೀತಾನ ಅಂತ ಮಾತ್ರ ಈಗ ಹೇಳಂಗಿಲ್ಲ." ತುಸು ತಡೆದು ಕೇಳಿದರು, "ಅಂವನ್ನ ಎತ್ತಿ ಕೂಡ್ರಿಸಬ್ಯಾಡ್ರಿ ಅಂದಾಕಿ ನೀನೇನು?"

ಸಾನಿಯಾ ಹೌದೆಂದು ತಲೆಯಾಡಿಸಿದಳು. ನಲ್ಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡಳು.

ಆಪರೇಷನ್ನಾದ ಒಂಬತ್ತನೆಯ ದಿನ ಮಶಾಕನ ಬಲಗಾಲಿನ ಹೆಬ್ಬೆರಳು ಅಲುಗಿತು. ನಾಲ್ಕು ತಿಂಗಳಿಗೆ ಕೋಲು ಹಿಡಿದು ಅಂಗಳದವರೆಗೆ ನಡೆದ. ಕಲ್ಲು ಎತ್ತುವ ಕೆಲಸ ಮಾತ್ರ ಅಲ್ಲಿಗೇ ಮುಗಿಯಿತು. ಅವನು ಹೊಸ್ತಿಲು ದಾಟುವಾಗಲೆಲ್ಲ ಸಾನಿಯಾ ಈಗಲೂ ಉಸಿರು ಬಿಗಿಹಿಡಿದು ಹಿಂದೆ ನಿಂತಿರುತ್ತಾಳೆ.